ಸುಟ್ಟ ಕೈಗೆ ಒಂದು ಕೊಡ ನೀರು

ಹಂಚು ಕಾದಿದೆಯೋ ಇಲ್ಲವೋ ಎಂದು ನೋಡಲು ನಮ್ಮ ಸುರಪುರದ ಕಡೆ ಹೆಣ್ಣುಮಕ್ಕಳು ಕೈ ಅದ್ದಿ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹನಿ ಬಿದ್ದಲ್ಲೇ ಮೆಲ್ಲಗೆ ಆರಿದರೆ ಹಂಚು ಇನ್ನೂ ಕಾದಿಲ್ಲ. ಚೊಂಯ್ ಅಂತ ಸದ್ದು ಮಾಡಿ ಆ ಕ್ಷಣವೇ ಮಾಯವಾದರೆ ರೊಟ್ಟಿ ಹಾಕಬಹುದು. ಹನಿ ಗುಂಡಗಾಗಿ, ಪಾದರಸದ ಹಾಗೆ ಹಂಚಿನ ತುಂಬಾ ಓಡಾಡತೊಡಗಿದರೆ ಉರಿ ಜಾಸ್ತಿಯಾಯಿತು ಅಂತ ಅರ್ಥ. ಆಗ ಒಂದು ಕಟ್ಟಿಗೆ ಹಿಂದಕ್ಕೆ ಎಳೆಯುತ್ತಾರೆ, ಗ್ಯಾಸ್ ಇದ್ದವರು ಕಿವಿ ತಿರುವುತ್ತಾರೆ. ಇಷ್ಟೇ ಪರೀಕ್ಷೆ. ಸಾವಿರಾರು ಅಡುಗೆಮನೆಗಳಲ್ಲಿ ದಿನಾ ಬೆಳಿಗ್ಗೆ ನಡೆಯುತ್ತದೆ.

ಇದರಲ್ಲೊಂದು ಸೋಜಿಗ ಇದೆ. ಹಂಚು ಹೆಚ್ಚು ಕಾದಷ್ಟೂ ಹನಿ ಬೇಗ ಆರಬೇಕಲ್ಲವೇ? ಒಂದು ಮಟ್ಟದವರೆಗೆ ಹಾಗೇ ಆಗುತ್ತದೆ. ಅದನ್ನು ದಾಟಿದ ಮೇಲೆ ಉಲ್ಟಾ. ಹಂಚಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಹನಿಯ ಅಡಿಭಾಗ ಹಂಚನ್ನು ಸರಿಯಾಗಿ ಮುಟ್ಟುವ ಮೊದಲೇ ಹಬೆಯಾಗಿಬಿಡುತ್ತದೆ. ಆ ಹಬೆ ಹನಿಗೂ ಹಂಚಿಗೂ ನಡುವೆ ತೆಳ್ಳನೆಯ ಹಾಸಿಗೆಯಂತೆ ಕೂರುತ್ತದೆ. ನೀರಿಗೆ ಹೋಲಿಸಿದರೆ ಹಬೆ ಸುಮಾರು 25 ಪಟ್ಟು ಕೆಟ್ಟ ಶಾಖವಾಹಕ. ಹಾಗಾಗಿ ಬೆಂಕಿಯಂಥ ಹಂಚಿನ ಮೇಲೆ ಇದ್ದರೂ ಹನಿ ಆರಾಮಾಗಿ ತೇಲಿಕೊಂಡು ಬಹಳ ಹೊತ್ತು ಬದುಕುತ್ತದೆ. ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೊಬ್ ಲೈಡೆನ್‌ಫ್ರಾಸ್ಟ್ 1756ರಲ್ಲಿ ಕೆಂಪಗೆ ಕಾದ ಕಬ್ಬಿಣದ ಚಮಚಕ್ಕೆ ನೀರಿನ ಹನಿ ಬಿಟ್ಟು ಇದನ್ನು ವಿವರವಾಗಿ ಬರೆದಿಟ್ಟ. ಇಂದಿಗೂ ಪುಸ್ತಕಗಳಲ್ಲಿ ಇದಕ್ಕೆ ಅವನದೇ ಹೆಸರು. ನಮ್ಮ ಅವ್ವಂದಿರ ಹೆಸರು ಯಾರೂ ಇಡಲಿಲ್ಲ, ಇರಲಿ.

ರೊಟ್ಟಿಯ ವಿಷಯಕ್ಕೇ ಬಂದರೆ ಇನ್ನೊಂದು ಕೆಲಸವನ್ನೂ ಗಮನಿಸಿ. ಬಡಿದ ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲ್ಗಡೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ನೀರು ಆರುವ ತನಕ ರೊಟ್ಟಿಯ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ, ಒಣಗಿ ಸೀಳುವುದಿಲ್ಲ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖಕ್ಕಿಂತ, ಕುದಿಯುವ ಆ ನೀರನ್ನು ಪೂರ್ತಿ ಹಬೆ ಮಾಡಲು ಏಳು ಪಟ್ಟಿಗೂ ಹೆಚ್ಚು ಶಾಖ ಬೇಕು. ಹಾಗಾಗಿ ಸವರಿದ್ದು ಎರಡು ಚಮಚ ನೀರೇ ಆದರೂ ಅದು ಬಹಳ ಶಾಖ ನುಂಗುತ್ತದೆ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಬರೆಯುವುದು ಸಾಫ್ಟ್‌ವೇರ್. ಕಾಲೇಜಿನಲ್ಲಿ ‘ಹೀಟ್ ಟ್ರಾನ್ಸ್‌ಫರ್’ ಅಂತ ಒಂದು ವಿಷಯ ಇತ್ತು. ಕಾದ ಘನವಸ್ತುವಿನ ಮೇಲೆ ತಣ್ಣನೆಯ ದ್ರವ ಹರಿದಾಗ, ಶಾಖ ಕ್ಷಣಕ್ಷಣಕ್ಕೆ ಹೇಗೆ ಬಿಟ್ಟುಹೋಗುತ್ತದೆ ಎಂಬ ಲೆಕ್ಕಗಳೇ ಅದರ ಅರ್ಧ ಪುಸ್ತಕ. ಕೆಲಸಕ್ಕೆ ಸೇರಿದ ಮೇಲೆ ಅದರಲ್ಲಿ ಮುಕ್ಕಾಲು ಪಾಲು ಮರೆತೆ. ಆದರೂ ಆ ಲೆಕ್ಕಗಳ ಸಾರ ಮೂರೇ ಮಾತಿನಲ್ಲಿ ತಲೆಯಲ್ಲಿ ಉಳಿದಿದೆ. ಬಿಸಿಗೂ ನೀರಿಗೂ ನಡುವೆ ಏನು ಕೂತಿದೆ? ನೀರು ನಿಂತಿದೆಯೋ, ಹರಿಯುತ್ತಿದೆಯೋ? ಒಳಗಿನ ಬಿಸಿ ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆ? ನೀರು ಎಷ್ಟು ತಣ್ಣಗಿದೆ ಎನ್ನುವ ಪ್ರಶ್ನೆ, ನಾವೆಲ್ಲ ಮೊದಲು ಕೇಳುವಂಥದ್ದು, ಈ ಮೂರರ ನಂತರ ಬರುತ್ತದೆ.

ಈ ಮೂರನ್ನೂ ನಾನು ಪುಸ್ತಕಕ್ಕಿಂತ ಮೊದಲು ನೋಡಿದ್ದು ಕಂಬಾರರ ಕುಲುಮೆಯಲ್ಲಿ. ಶಾಲೆಯ ರಜೆಯಲ್ಲಿ ಮುತ್ಯಾ ಕುಡಗೋಲು, ಕುರುಪಿ ಕಟ್ಟಿಕೊಟ್ಟು ಹಣಿಸಿಕೊಂಡು ಬಾ ಅಂತ ಕಳಿಸುತ್ತಿದ್ದ. ಕುಲುಮೆಯ ಕಾಕಾ ತಿದಿ ಊದಿ ಕಬ್ಬಿಣ ಕೆಂಪಗೆ ಮಾಡಿ, ಬಡಿದು, ಇಕ್ಕಳದಲ್ಲಿ ಹಿಡಿದು ಪಕ್ಕದ ಕಲ್ಲಿನ ದೋಣಿಯ ನೀರಿಗೆ ಇಳಿಸುತ್ತಿದ್ದ. ಬುಸ್ ಅಂತ ಹಬೆ ಏಳುತ್ತಿತ್ತು. ನಮಗೆ ಆ ಸದ್ದೇ ಜಾತ್ರೆ. ಒಮ್ಮೆ ‘ಕಾಕಾ, ಅದನ್ನ ನೀರಾಗ ಯಾಕ ಅಷ್ಟು ಆಡಸ್ತೀರಿ, ಸುಮ್ಮ ಹಿಡದ್ರ ಆಗಂಗಿಲ್ಲೇನ್ರಿ?’ ಅಂತ ಕೇಳಿದ್ದೆ.

‘ಸುಮ್ಮ ಹಿಡದ್ರ ಹದ ಎಲ್ಲಾ ಕಡಿ ಒಂದ ಥರ ಕೂಡಂಗಿಲ್ಲ ತಮ್ಮಾ. ಒಂದು ಕಡಿ ಬಿರುಸು, ಒಂದು ಕಡಿ ಮೆತ್ತಗ ಆಗ್ತದ. ಹಬಿ ಒಡೀಬೇಕು’ ಅಂದಿದ್ದ.

ಹಬಿ ಒಡೀಬೇಕು ಎಂದು ಅವನು ಅಂದದ್ದನ್ನು ಪುಸ್ತಕ ಹತ್ತಿಪ್ಪತ್ತು ಪುಟಗಳಲ್ಲಿ ಹೇಳುತ್ತದೆ. 800 ಡಿಗ್ರಿಯ ಕಬ್ಬಿಣ ನೀರಿಗೆ ಇಳಿದಾಗ ಮೊದಲು ಅದರ ಸುತ್ತ ಹಬೆಯ ಕಂಬಳಿ ಸುತ್ತಿಕೊಳ್ಳುತ್ತದೆ. ಹಂಚಿನ ಮೇಲೆ ಹನಿ ಓಡಾಡಿತಲ್ಲ, ಅದೇ ಸಂಗತಿ. ಆ ಕಂಬಳಿಯೊಳಗೆ ಕಬ್ಬಿಣ ನಿಧಾನಕ್ಕೆ ತಣಿಯುತ್ತದೆ. ಬಿಸಿ ಒಂದಿಷ್ಟು ಇಳಿದಾಗ ಕಂಬಳಿ ಹರಿಯುತ್ತದೆ, ನೀರು ಲೋಹವನ್ನು ನೇರ ಮುಟ್ಟುತ್ತದೆ, ಭೋರೆಂದು ಕುದಿಯುತ್ತದೆ. ಅತಿ ಹೆಚ್ಚು ಶಾಖ ಹೊರಬೀಳುವುದು ಆ ಹಂತದಲ್ಲಿ. ಕೊನೆಗೆ ಕುದಿ ನಿಂತು, ಬರೀ ನೀರಿನ ಓಡಾಟದಿಂದ ಉಳಿದ ಬಿಸಿ ಹೋಗುತ್ತದೆ. ಕುದಿಯುವ ನೀರಿನ ಈ ವಿಚಿತ್ರ ನಡವಳಿಕೆಯನ್ನು, ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವ ಶಾಖದ ಹರಿವನ್ನು, ಜಪಾನಿನ ಶಿರೋ ನುಕಿಯಾಮಾ 1934ರಲ್ಲಿ ಸಣ್ಣ ತಂತಿಯೊಂದನ್ನು ನೀರಿನಲ್ಲಿ ಕಾಯಿಸಿ ಅಳೆದು ತೋರಿಸಿದ. ನೀರಲ್ಲಿ ಕುಡಗೋಲು ಆಡಿಸಿದರೆ ಹಬೆಯ ಕಂಬಳಿ ಬೇಗ ಹರಿಯುತ್ತದೆ, ಎಲ್ಲ ಕಡೆ ಒಂದೇ ಹೊತ್ತಿಗೆ ಹರಿಯುತ್ತದೆ. ಹದ ಸಮನಾಗಿ ಕೂಡುತ್ತದೆ.

ಕಾಕಾನ ಇನ್ನೊಂದು ಕೆಲಸ ನನಗೆ ಅರ್ಥವಾದದ್ದು ಬಹಳ ವರ್ಷದ ಮೇಲೆ. ಕೊಡಲಿಯಾದರೆ ಅವನು ಪೂರ್ತಿ ಮುಳುಗಿಸುತ್ತಿರಲಿಲ್ಲ. ಬಾಯಿಯ ಭಾಗ ಮಾತ್ರ ನೀರಿಗೆ ಹಿಡಿದು, ಮೇಲೆತ್ತಿ, ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಸುಮ್ಮನೆ ನೋಡುತ್ತಾ ಕೂರುತ್ತಿದ್ದ. ಹಿಂದಿನ ದಪ್ಪ ಭಾಗ ಇನ್ನೂ ಕಾದೇ ಇರುತ್ತಿತ್ತಲ್ಲ, ಅಲ್ಲಿಂದ ಬಿಸಿ ಮೆಲ್ಲಗೆ ಬಾಯಿಯ ಕಡೆ ಹರಿದು ಬರುತ್ತಿತ್ತು. ಬೆಳ್ಳಗಿದ್ದ ಲೋಹ ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು, ನೇರಳೆ, ನೀಲಿಗೆ ತಿರುಗುತ್ತದೆ. ಹುಲ್ಲಿನ ಬಣ್ಣ ಅಂದರೆ 220–230 ಡಿಗ್ರಿ, ನೀಲಿ ಅಂದರೆ 300ರ ಆಸುಪಾಸು. ತನಗೆ ಬೇಕಾದ ಬಣ್ಣ ಬಂದ ತಕ್ಷಣ ಪೂರ್ತಿ ನೀರಿಗೆ. ಅಲ್ಲಿಗೆ ಹದ ಮುಗಿಯಿತು. ಹೊರಗೆ ತಣ್ಣಗಾದ ಮಾತ್ರಕ್ಕೆ ಒಳಗೆ ತಣ್ಣಗಾಗಿಲ್ಲ, ಒಳಗಿನ ಬಿಸಿ ಇನ್ನೂ ನಡೆಯುತ್ತಲೇ ಇದೆ ಎನ್ನುವುದನ್ನು ಅವನು ಬಣ್ಣದಲ್ಲಿ ಕಣ್ಣಾರೆ ಕಾಣುತ್ತಿದ್ದ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ತಾಲೂಕಿನಲ್ಲಿ ಈ ಕಸುಬಿನವರಿಗೆ ದೊಡ್ಡ ಗೌರವ ಇದೆ. ಕೃಷ್ಣಾ ದಂಡೆಯ ತಿಂಥಣಿಯ ಮೌನೇಶ್ವರರು ವಿಶ್ವಕರ್ಮರ ಆರಾಧ್ಯರು. ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಅವರ ಜಾತ್ರೆಗೆ ಹೋಗುತ್ತಾರೆ. ಬೆಂಕಿಯ ಕಸುಬಿನವರ ಗುರು ನೀರಿನ ದಂಡೆಯಲ್ಲಿ ನೆಲೆಸಿರುವುದು ನನಗೆ ಮೊದಲಿನಿಂದಲೂ ಸರಿಯೆನಿಸಿದೆ.

ತಿಂಥಣಿ ಸೇತುವೆ ದಾಟಿ ಆ ಕಡೆ ಹೋದರೆ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ. ಅಲ್ಲಿನ ಪ್ರಾಚೀನ ಗಣಿಗಾರರು ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಸೀಳುತ್ತಿದ್ದರು ಎಂದು ಪುರಾತತ್ವ ಬಲ್ಲವರು ಬರೆದಿದ್ದಾರೆ. ಡೈನಮೈಟ್ ಇಲ್ಲದ ಕಾಲದಲ್ಲಿ ಶಾಖವೇ ಸುತ್ತಿಗೆ. ಕಾಯುವಾಗಲಾಗಲಿ ತಣಿಯುವಾಗಲಾಗಲಿ ಕಲ್ಲಿನ ಹೊರಪದರ ಮತ್ತು ಒಳಪದರ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹೊರಗಿನದು ಕುಗ್ಗುತ್ತದೆ, ಒಳಗಿನದು ಒಪ್ಪುವುದಿಲ್ಲ. ಆ ಜಗಳದಲ್ಲಿ ಕಲ್ಲು ಒಡೆಯುತ್ತದೆ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದಾಗ ಟಕ್ ಎನ್ನುವುದೂ ಇದಕ್ಕೇ. ಬೇಸಿಗೆಯಲ್ಲಿ ಕುದಿ ಬಂದ ಟ್ರ್ಯಾಕ್ಟರಿನ ಎಂಜಿನ್‌ಗೆ ಅವಸರದಲ್ಲಿ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು ಎಂದು ಮೆಕ್ಯಾನಿಕ್ ಎಚ್ಚರಿಸುವುದೂ ಇದಕ್ಕೇ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿರುವ ನೀರು ಮುಚ್ಚಳ ತೆರೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇನ್ನು ನೀರಿನ ಓಟದ ಮಾತು. ಕಾಯಿಸಿದ ಹಾಲಿಗೆ ಹೆಪ್ಪು ಹಾಕುವ ಮುಂಚೆ ಪಾತ್ರೆಯನ್ನು ನೀರಿನ ಪರಾತದಲ್ಲಿ ಇಡುತ್ತೇವಲ್ಲ, ಐದು ನಿಮಿಷ ಬಿಟ್ಟು ಪರಾತದ ನೀರು ಮುಟ್ಟಿ ನೋಡಿ. ಪಾತ್ರೆಗೆ ಅಂಟಿಕೊಂಡ ನೀರು ಬಿಸಿ, ಅಂಚಿನ ನೀರು ತಣ್ಣಗೆ. ಪಾತ್ರೆಯನ್ನು ಕೈಯಲ್ಲಿ ಎರಡು ಸಲ ತಿರುಗಿಸಿದರೆ ಹಾಲು ಬೇಗ ಆರುತ್ತದೆ. ಯಾವ ಮೇಲ್ಮೈಯ ಮೇಲಾದರೂ ನೀರಿನ ಒಂದು ತೆಳು ಪದರ ಅಂಟಿಕೊಂಡು ನಿಂತಿರುತ್ತದೆ, ಬಿಸಿ ಅದನ್ನು ದಾಟಿಯೇ ಹೋಗಬೇಕು. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟಲ್ ಈ ಪದರದ ಸಿದ್ಧಾಂತ ಮಂಡಿಸಿದ. ನೀರು ಜೋರಾಗಿ ಹರಿದಷ್ಟೂ ಆ ಪದರ ತೆಳ್ಳಗಾಗುತ್ತದೆ, ಬಿಸಿಯಾದ ನೀರು ಸರಿದು ಹೊಸ ನೀರು ಬರುತ್ತದೆ. ನಮ್ಮ ನದಿ ಕೆಳಗೆ ಹರಿದು ರಾಯಚೂರು ಜಿಲ್ಲೆಯ ಶಕ್ತಿನಗರ ಮುಟ್ಟಿದಾಗ ಇದೇ ಕೆಲಸ ಮಾಡುತ್ತದೆ. ಅಲ್ಲಿನ 1720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರದಲ್ಲಿ ಟರ್ಬೈನ್ ತಿರುಗಿಸಿದ ಹಬೆಯನ್ನು ಮತ್ತೆ ನೀರು ಮಾಡಲು ಕೊಳವೆಗಳಲ್ಲಿ ತಣ್ಣೀರು ಓಡುತ್ತಲೇ ಇರಬೇಕು. ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವ ಪಾಲಿಗಿಂತ ಹೀಗೆ ನೀರಿನ ಪಾಲಾಗುವುದೇ ಹೆಚ್ಚು.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಯಾಕೆ ಬರೆದೆ ಎಂದರೆ, ಎರಡು ವರ್ಷದ ಹಿಂದಿನ ಯುಗಾದಿಗೆ ಊರಿಗೆ ಹೋದಾಗ ನಮ್ಮ ಮನೆಯಲ್ಲಿ ಆದ ಒಂದು ಘಟನೆ. ಅಕ್ಕನ ಮಗ, ನನ್ನ ಅಳಿಯ, ಎರಡು ವರ್ಷದವನು. ಕಟ್ಟೆಯ ಮೇಲೆ ಇಟ್ಟಿದ್ದ ಚಹಾದ ಬಟ್ಟಲನ್ನು ಯಾವ ಮಾಯದಲ್ಲೋ ಎಳೆದುಕೊಂಡ. ಬಲಗೈ ಮೊಣಕೈಯಿಂದ ಮಣಿಕಟ್ಟಿನ ತನಕ ಚಹಾ. ಅವನ ಚೀರಾಟಕ್ಕೆ ಓಣಿಯೇ ಕೂಡಿತು. ಅವ್ವ ಅರಿಷಿಣ ತರಲು ಓಡಿದಳು. ಪಕ್ಕದ ಮನೆಯ ಕಾಕು ಟೂತ್‌ಪೇಸ್ಟ್ ಹಿಡಿದು ಬಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಎಂದರು. ಪ್ರೀತಿಗೇನೂ ಕಮ್ಮಿ ಇರಲಿಲ್ಲ.

ನಮ್ಮ ಕಂಪನಿಯಲ್ಲಿ ಪ್ರತಿ ವರ್ಷ ಅರ್ಧ ದಿನದ ಪ್ರಥಮ ಚಿಕಿತ್ಸೆ ತರಬೇತಿ ಇರುತ್ತದೆ. ಅಲ್ಲಿ ಕೇಳಿದ್ದು ನೆನಪಿತ್ತು. ಹುಡುಗನನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ತಿರುವಿದೆ. ಮಧ್ಯಾಹ್ನ ಎರಡು ಗಂಟೆ. ಮಾಳಿಗೆಯ ಮೇಲಿನ ಕಪ್ಪು ಟಾಕಿಯ ನೀರು, ಸುರಪುರದ ಬಿಸಿಲಿಗೆ ಅದೇ ಸುಡುತ್ತಿತ್ತು. ‘ಅಕ್ಕಾ, ಹರವಿ ನೀರು ತಾ’ ಅಂದೆ. ಅಕ್ಕ ಅಳುತ್ತಲೇ ಹರವಿಯಿಂದ ಚರಗಿ ತುಂಬಿ ತುಂಬಿ ಕೊಟ್ಟಳು, ನಾನು ಸಣ್ಣ ಧಾರೆಯಾಗಿ ಅವನ ಕೈ ಮೇಲೆ ಬಿಡುತ್ತಾ ಕೂತೆ.

‘ನೀರು ಬ್ಯಾಡಪ, ಗುಳ್ಳಿ ಏಳ್ತಾವ’ ಅಂದರು ಕಾಕು.

‘ಕಾಕೂ, ಗುಳ್ಳಿ ಏಳೂದು ಬಿಸಿಗಿ, ನೀರಿಗಲ್ಲರಿ’ ಅಂದೆ.

ಐದು ನಿಮಿಷಕ್ಕೆ ‘ಸಾಕು ಬಿಡು, ಥಂಡಿ ಆಗ್ತದ’ ಎಂದು ಅವ್ವ ಶುರು ಮಾಡಿದಳು. ಮೈಗೆ ಒಣ ಟವೆಲ್ ಸುತ್ತಿ, ಕೈ ಮಾತ್ರ ಹೊರಗಿಟ್ಟು, ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು 20 ನಿಮಿಷ ನೀರು ಬಿಟ್ಟೆವು. ಅಷ್ಟರಲ್ಲಿ ಹುಡುಗನ ಅಳು ಬಿಕ್ಕಿಗೆ ಇಳಿದಿತ್ತು. ಆಮೇಲೆ ತೊಳೆದ ಪಂಚೆಯ ತುಂಡು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋದೆವು. ಅಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ‘ನೀರು ಹಾಕಿದ್ರಾ? ಎಷ್ಟೊತ್ತು?’ ಎರಡನೇ ಪ್ರಶ್ನೆ, ‘ಮತ್ತೇನೂ ಹಚ್ಚಿಲ್ಲ ಅಲ್ವಾ?’ ಎರಡಕ್ಕೂ ಸರಿಯಾದ ಉತ್ತರ ಕೇಳಿ ಅವರ ಮುಖ ಸಡಿಲವಾಯಿತು. ಹದಿನೈದು ದಿನಕ್ಕೆ ಕೈ ಮಾಯ್ತು. ಈಗ ಹುಡುಕಿದರೂ ಕಲೆ ಕಾಣುವುದಿಲ್ಲ.

ಆ ರಾತ್ರಿ ಹುಡುಗ ಮಲಗಿದ ಮೇಲೆ ಅವ್ವ ತನ್ನ ಎಡಗೈಯನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಅವಳ ಕಿರುಬೆರಳು, ಉಂಗುರದ ಬೆರಳು ಎರಡೂ ಪೂರ್ತಿ ನೆಟ್ಟಗಾಗುವುದಿಲ್ಲ. ಹಿಂಗೈ ಚರ್ಮ ನಿರಿಗೆ ಕಟ್ಟಿದೆ. ಹತ್ತು ವರ್ಷದವಳಿದ್ದಾಗ ಕುದಿಯುವ ಗಂಜಿ ಚೆಲ್ಲಿತ್ತಂತೆ. ಮನೆಯಲ್ಲಿ ಅಣ್ಣನ ಶಾಯಿ ಬಾಟಲಿ ಸುರುವಿದರಂತೆ, ಮರುದಿನ ಯಾವುದೋ ಸೊಪ್ಪು ಅರೆದು ಮೆತ್ತಿದರಂತೆ. ವಾರದ ಮೇಲೆ ಕೀವು. ಆ ಕೈಯಲ್ಲೇ ಅವಳು ಐವತ್ತು ವರ್ಷ ರೊಟ್ಟಿ ಬಡಿದಿದ್ದಾಳೆ. ಚಿಕ್ಕಂದಿನಿಂದ ಆ ಕೈ ನೋಡಿದ ನಮಗೆ ಅದು ಹಾಗೇ ಇರುವುದೆಂದೇ ಅನಿಸಿತ್ತು.

‘ಅಂಗಳದಾಗ ಬಾವಿ ಇತ್ತು ನೋಡಪ. ಹಗ್ಗ, ಕೊಡ ಎಲ್ಲಾ ಅಲ್ಲೇ ಇದ್ವು. ಯಾರೂ ಹೇಳಲಿಲ್ಲ’ ಅಂದಳು. ಅಷ್ಟೇ ಅಂದದ್ದು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರೆತ ಪುಸ್ತಕದ ಲೆಕ್ಕ ತೆಗೆದು ಕೂತೆ. ಚಹಾ ಮೈ ಮೇಲೆ ಇದ್ದದ್ದು ಒಂದೆರಡು ಸೆಕೆಂಡು, ಆಮೇಲೆ ಜಾರಿ ಹೋಯಿತು. ಹಾಗಿದ್ದರೆ ನೀರು 20 ನಿಮಿಷ ಯಾಕೆ?

ಮೊದಲು ಬಿಸಿ ಎಷ್ಟು ಎಂದು ನೋಡೋಣ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದಷ್ಟು ಚರ್ಮ, ಎರಡು ಮಿಲಿಮೀಟರ್ ಆಳದವರೆಗೆ ಸರಾಸರಿ 30 ಡಿಗ್ರಿ ಏರಿತು ಎಂದುಕೊಳ್ಳಿ. ಅಷ್ಟು ಚರ್ಮದ ತೂಕ ಸುಮಾರು 20 ಗ್ರಾಂ. ಅದರಲ್ಲಿ ಸೇರಿದ ಹೆಚ್ಚುವರಿ ಶಾಖ ಸುಮಾರು ಎರಡು ಕಿಲೋಜೂಲ್. ಅರ್ಧ ಲೀಟರ್ ನೀರು ಅದನ್ನು ತೆಗೆದುಕೊಂಡರೆ ತಾನು ಬರೀ ಒಂದು ಡಿಗ್ರಿ ಬೆಚ್ಚಗಾಗುತ್ತದೆ. ಅಂದರೆ ಬಿಸಿಯ ಮೊತ್ತ ಬಹಳ ಸಣ್ಣದು.

ತೊಂದರೆ ಇರುವುದು ಅದು ಹೊರಬರುವ ದಾರಿಯಲ್ಲಿ. ಎರಡು ಮಿಲಿಮೀಟರ್ ಉಕ್ಕಿನಲ್ಲಿ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅಷ್ಟೇ ದಪ್ಪದ ಚರ್ಮಕ್ಕೆ ಸುಮಾರು 40 ಸೆಕೆಂಡು ಬೇಕು. ದಪ್ಪ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟಾಗುತ್ತದೆ. ನಾಲ್ಕು ಮಿಲಿಮೀಟರಿಗೆ ಎರಡೂವರೆ ನಿಮಿಷದ ಮೇಲೆ. ಕಂಬಾರ ಕಾಕಾನ ಕೊಡಲಿ ನೆನಪಿಸಿಕೊಳ್ಳಿ. ಬಾಯಿ ತಣ್ಣಗಾದರೂ ಹಿಂದಿನ ಬಿಸಿ ನಡೆದು ಬರುತ್ತಿತ್ತು. ಚರ್ಮದಲ್ಲೂ ಹಾಗೇ. ಚಹಾ ಒರೆಸಿದ ಮೇಲೂ ಮೇಲ್ಪದರದ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗೆ ಇಳಿಯುವ ಬಿಸಿ ಏನು ಮಾಡುತ್ತದೆ? ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ವೆಸ್ ಎಂಬ ಇಬ್ಬರು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಚರ್ಮ 44 ಡಿಗ್ರಿಯಲ್ಲಿದ್ದರೆ ಸುಡಲು ಆರು ಗಂಟೆ ಬೇಕು, 60 ಡಿಗ್ರಿಯಲ್ಲಿದ್ದರೆ ಐದೇ ಸೆಕೆಂಡು. ಅಂದರೆ ಗಾಯದ ಆಳವನ್ನು ತೀರ್ಮಾನಿಸುವುದು ಎಷ್ಟು ಬಿಸಿ, ಎಷ್ಟು ಹೊತ್ತು ಎಂಬ ಎರಡೂ ಸೇರಿ. ಚರ್ಮವನ್ನು ಬೇಗ 44ರ ಕೆಳಗೆ ತಂದಷ್ಟೂ ಒಳಗಿನ ಪದರಗಳು ಉಳಿಯುತ್ತವೆ. ಅದಕ್ಕೆ ಹರವಿಯ ನೀರು ಧಾರಾಳವಾಗಿ ಸಾಕು, ಮಂಜುಗಡ್ಡೆ ಬೇಕಿಲ್ಲ. ಮಂಜು ರಕ್ತನಾಳಗಳನ್ನು ಬಿಗಿದು ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ.

ಬಿಸಿ ಹೊರಹೋಗಲು ಕೆಲವೇ ನಿಮಿಷ ಸಾಕಾದರೂ ವೈದ್ಯರು 20 ನಿಮಿಷ ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ತಂಪು ನೋವನ್ನೂ ಬಾವನ್ನೂ ತಗ್ಗಿಸುತ್ತದೆ. ಅರೆಬರೆ ಪೆಟ್ಟು ತಿಂದ ಜೀವಕೋಶಗಳು ಸಾಯದೆ ಚೇತರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸುಟ್ಟಗಾಯ ತಜ್ಞರ ಸಂಘಗಳು ಹೇಳುವುದೂ ಹರಿಯುವ ತಂಪು ನೀರು, 20 ನಿಮಿಷ ಅಂತಲೇ. ತಕ್ಷಣ ಆಗದಿದ್ದರೆ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನ ಇದೆ ಎನ್ನುತ್ತವೆ.

ಈಗ ಅರಿಷಿಣ, ಪೇಸ್ಟ್, ಎಣ್ಣೆ, ಶಾಯಿಯ ಮಾತು. ಅವು ಮೇಲೆ ಕೂತಲ್ಲೇ ಕೂರುತ್ತವೆ, ಹರಿಯುವುದಿಲ್ಲ. ಹಂಚಿನ ಮೇಲೆ ಹನಿಯ ಅಡಿಗೆ ಹಬೆ ಕೂತ ಹಾಗೆ, ಬಿಸಿಗೂ ನೀರಿಗೂ ನಡುವೆ ಅಡ್ಡ ಕೂರುತ್ತವೆ. ಗಾಯಕ್ಕೆ ಕೊಳೆ ಸೇರುತ್ತದೆ. ಡಾಕ್ಟರು ಗಾಯದ ಆಳ ನೋಡಬೇಕಾದರೆ ಅದನ್ನೆಲ್ಲ ಮತ್ತೆ ಉಜ್ಜಿ ತೆಗೆಯಬೇಕು, ಆ ನೋವು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಸುಟ್ಟಗಾಯಕ್ಕೆ ಹಚ್ಚಬಾರದ್ದರ ಪಟ್ಟಿಯಲ್ಲಿ ಅರಿಷಿಣವನ್ನು ಹೆಸರಿಟ್ಟೇ ಸೇರಿಸಿದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಧಾರಣ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ. ನಮ್ಮಂಥವರ ಆಫೀಸಿನಲ್ಲಿ ಸುಡುವಂಥದ್ದು ಅಂದರೆ ಕಾಫಿ ಮಷಿನ್ ಒಂದೇ. ಆದರೂ ತರಬೇತಿ ಕೊಡುವುದು ನಮಗೆ. ದಿನಾ ಒಲೆಯ ಮುಂದೆ ಕೂರುವವರಿಗೆ ಯಾರೂ ಕೊಡುವುದಿಲ್ಲ.

ನೀರಿಗೇ ಬರ ಇರುವಲ್ಲಿ 20 ನಿಮಿಷ ನಲ್ಲಿ ಬಿಡುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ಮೇಲಿನ ಲೆಕ್ಕ ಅದಕ್ಕೇ ಉಪಯೋಗ. ತೆಗೆಯಬೇಕಾದ ಬಿಸಿ ಸಣ್ಣದು, ಹಿಡಿಯುವ ಹೊತ್ತು ದೊಡ್ಡದು. ಆದ್ದರಿಂದ ಸಣ್ಣ ಧಾರೆ ಸಾಕು, ಅದು ನಿಲ್ಲಬಾರದು. 15 ಲೀಟರಿನ ಒಂದು ಕೊಡ ನೀರನ್ನು 20 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಮುಕ್ಕಾಲು ಲೀಟರ್, ಅಂದರೆ ಸುಮಾರು ಒಂದು ಚರಗಿ. ಅಂಗೈಯಷ್ಟು ಗಾಯಕ್ಕೆ ಒಂದು ಕೊಡ ನೀರು ಬೇಕಾದಷ್ಟಾಯಿತು. ಬಕೆಟ್ಟಿನಲ್ಲಿ ಕೈ ಮುಳುಗಿಸಿ ಕೂರುವುದಕ್ಕಿಂತ ಹೀಗೆ ಹರಿಸುವುದು ಒಳ್ಳೆಯದು. ಬಕೆಟ್ಟೇ ಗತಿಯಾದರೆ ಹಾಲಿನ ಪಾತ್ರೆ ನೆನಪಿಸಿಕೊಂಡು ನೀರನ್ನು ಆಗಾಗ ಕದಡಿ.

ಕೆಲವು ಎಚ್ಚರಿಕೆಗಳನ್ನೂ ಹೇಳಿಬಿಡುತ್ತೇನೆ. ಬಳೆ, ಉಂಗುರ, ಉಡದಾರ, ಒದ್ದೆಯಾದ ಬಟ್ಟೆ ತಕ್ಷಣ ತೆಗೆಯಿರಿ, ಆಮೇಲೆ ಬಾವು ಬರುತ್ತದೆ. ಚರ್ಮಕ್ಕೆ ಅಂಟಿದ್ದನ್ನು ಮಾತ್ರ ಕೀಳಬೇಡಿ. ಗುಳ್ಳೆ ಒಡೆಯಬೇಡಿ. ಗಾಯ ಬಿಟ್ಟು ಉಳಿದ ಮೈ ಬೆಚ್ಚಗಿರಲಿ, ಮಕ್ಕಳಿಗಂತೂ ಇದು ಮುಖ್ಯ. ಮೈಯ ದೊಡ್ಡ ಭಾಗ ಸುಟ್ಟಿದ್ದರೆ ಬಹಳ ಹೊತ್ತು ನೀರು ಹಾಕುತ್ತಾ ಕೂರಬಾರದು, ಮೈ ಪೂರ್ತಿ ತಣ್ಣಗಾಗುವ ಅಪಾಯ ಇದೆ. 108ಕ್ಕೆ ಫೋನ್ ಮಾಡಿ ಹೊರಡಿ. ಕರೆಂಟಿನಿಂದ ಸುಟ್ಟಿದ್ದರೆ ಮೊದಲು ಮೇನ್ ಆಫ್, ಆಮೇಲೆ ಮುಟ್ಟುವುದು. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟರೆ, ಮಕ್ಕಳಿಗೆ, ವಯಸ್ಸಾದವರಿಗೆ ಸುಟ್ಟರೆ ಗಾಯ ಚಿಕ್ಕದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಬೇಸಿಗೆ ಮಧ್ಯಾಹ್ನ ಮಾಳಿಗೆ ಟಾಕಿಯ ನೀರನ್ನು ಮೊದಲು ಕೈಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ಹರವಿ ನೀರೋ ಒಳಗಿನ ಕೊಡದ ನೀರೋ ಬಳಸಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಮನೆಯ ಕಾಕು ಕಂಡರು. ಅವರ ಸೊಸೆಗೆ ಕರಿದ ಎಣ್ಣೆ ಸಿಡಿದು ಮುಂಗೈ ಸುಟ್ಟಿತ್ತಂತೆ. ‘ನಿಮ್ಮವ್ವ ಬಂದು ನಿಂತು ನೀರು ಹಾಕಿಸಿದ್ಲು ನೋಡಪ. ಗಡಿಯಾರ ನೋಡ್ಕೋಂತ ನಿಂತಿದ್ಲು, ಬಿಡಲೇ ಇಲ್ಲ’ ಎಂದು ನಕ್ಕರು. ನಾನು ಕಾಕುಗೆ ಎರಡು ವರ್ಷದ ಹಿಂದೆ ಹೇಳಿದ್ದಕ್ಕಿಂತ ಅವ್ವ ಹೇಳಿದ್ದೇ ಅವರಿಗೆ ನಾಟಿತ್ತು. ಅವಳ ಕೈ ನೋಡಿದವರು ಅವಳ ಮಾತು ಕೇಳದೆ ಇರಲಾರರು.

ಓದುಗರಲ್ಲಿ ಒಂದು ವಿನಂತಿ. ಈ ಬರಹ ನೀವು ಮೊಬೈಲಿನಲ್ಲಿ ಓದುತ್ತಿರಬಹುದು. ನಿಮ್ಮ ಮನೆಯಲ್ಲಿ ಒಲೆಯ ಮುಂದೆ ಹೆಚ್ಚು ಹೊತ್ತು ಇರುವವರು ಇದನ್ನು ಓದದೇ ಇರಬಹುದು. ಅವ್ವನಿಗೋ, ಅತ್ತೆಗೋ, ಅಡುಗೆ ಕೆಲಸಕ್ಕೆ ಬರುವವರಿಗೋ ಎರಡೇ ಮಾತು ಹೇಳಿ: ಸುಟ್ಟರೆ ಏನೂ ಹಚ್ಚಬೇಡ್ರಿ, 20 ನಿಮಿಷ ನೀರು ಬಿಡ್ರಿ. ಇವತ್ತೇ ಹೇಳಿ. ಅವಸರದ ಹೊತ್ತಿಗೆ ನೆನಪಾಗಬೇಕಾದರೆ ಮೊದಲೇ ಕಿವಿಗೆ ಬಿದ್ದಿರಬೇಕು.